ಯುರೇನಿಯಂ ಗಣೀಲಿ ಮಳೆನೀರಿನ ಮಡಿ-ಮೈಲಿಗೆ

ಯುರೇನಿಯಂ ಮೈನ್‌ನಲ್ಲಿ ನೀರಿನ ಲೆಕ್ಕ ನೋಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ರೇಡಿಯೇಷನ್ ಭಯ ಇಲ್ವಾ ಅಂತ. ನನಗೆ ಭಯ ಇರೋದು ಮಳೆದು ಸ್ವಾಮಿ. ಅದಿರು ಹಾಕಿದ ಕಡೆ ಬಿದ್ದಿರುತ್ತೆ, ಅದನ್ನ ಕರಗಿಸ್ಕೊಂಡು ಹೊತ್ಕೊಂಡು ಹೊಳೆಗೆ ಹೋಗೋದು ನೀರು (ಧೂಳು, ರೇಡಾನ್ ಗ್ಯಾಸ್ ಬೇರೆ ಕಥೆ, ಅದನ್ನ ನೋಡ್ಕೊಳ್ಳೋಕೆ ಬೇರೆಯವರಿದ್ದಾರೆ).

ಈ ವಿಷಯಕ್ಕೆ ಆಸ್ಟ್ರೇಲಿಯಾದ ರೇಂಜರ್ ಗಣಿಗಿಂತ ಒಳ್ಳೆ ಪಾಠ ಇನ್ನೊಂದಿಲ್ಲ. ಡಾರ್ವಿನ್‌ನಿಂದ ಸುಮಾರು 250 ಕಿ.ಮೀ ಪೂರ್ವಕ್ಕೆ, ಮಿರಾರ್ ಅನ್ನೋ ಮೂಲನಿವಾಸಿಗಳ ನೆಲ, ಸುತ್ತ ಪೂರ್ತಿ ಕಾಕಡು ನ್ಯಾಷನಲ್ ಪಾರ್ಕ್, ಪಕ್ಕದಲ್ಲೇ ಮಜೀಲಾ ಹೊಳೆ. ವರ್ಷಕ್ಕೆ ಸುಮಾರು 1,500 ಮಿ.ಮೀ ಮಳೆ. ನಮ್ಮ ಮಲೆನಾಡಿನವರು ಇದೇನ್ ಮಹಾ ಅಂತ ನಗಬಹುದು, ಆದ್ರೆ ಲೆಕ್ಕ ಹಾಕಿ, 1 ಹೆಕ್ಟೇರ್ ಮೇಲೆ 1 ಮಿ.ಮೀ ಬಿದ್ರೆ 10,000 ಲೀಟರ್, ಅಂದ್ರೆ 100 ಹೆಕ್ಟೇರ್ ಗಣಿ ಮೇಲೆ ಒಂದು ಸೀಸನ್‌ಗೆ 150 ಕೋಟಿ ಲೀಟರ್, ಆವಿಯಾಗಿದ್ದು ಇಂಗಿದ್ದು ಬಿಟ್ಟು ಉಳಿದಿದ್ದಕ್ಕೆಲ್ಲ ನೀವು ಜಾಗ ತೋರಿಸ್ಬೇಕು.

ಅಲ್ಲಿ ನೀರಿಗೆ ಜಾತಿ ಉಂಟು. ಗಣಿಯನ್ನ ಮುಟ್ಟದೇ ಇರೋ ಮಳೆನೀರು, ಅದನ್ನ ಕಾಲುವೆ ತೋಡಿ ಸುತ್ತು ಹಾಕಿಸಿ ಹೊರಗೆ ಕಳಿಸ್ತಾರೆ. ಅದಿರಿನ ರಾಶಿ, ವೇಸ್ಟ್ ಕಲ್ಲಿನ ಗುಡ್ಡೆ ಮೇಲೆ ಹರಿದಿದ್ದು ಪಾಂಡ್ ವಾಟರ್, ಇದನ್ನ ಹೊಂಡದಲ್ಲಿ ಹಿಡಿದು ಟ್ರೀಟ್ ಮಾಡಿದ್ಮೇಲೇ ಬಿಡೋದು. ಕೊನೇದು ಪ್ರೊಸೆಸ್ ವಾಟರ್, ಅದಿರು ಅರೆದು ಯುರೇನಿಯಂ ತೆಗೆಯೋ ಮಿಲ್‌ನಲ್ಲಿ ಸಲ್ಫ್ಯೂರಿಕ್ ಆಸಿಡ್ ಜೊತೆ ಸುತ್ತಿದ್ದು, ಅದ್ರ ಜೊತೆಗೆ ಟೇಲಿಂಗ್ಸ್ (ಯುರೇನಿಯಂ ತೆಗೆದ ಮೇಲೆ ಉಳಿಯೋ ಕೆಸರು) ಡ್ಯಾಮ್ ಮೇಲೆ ಬಿದ್ದ ಮಳೇನೂ ಸೇರಿ. ನಮ್ಮಜ್ಜಿಯ ಮಡಿ ನೋಡಿ ಚಿಕ್ಕವನಿದ್ದಾಗ ನಕ್ಕಿದ್ದೋನು ನಾನು, ಈಗ ದಿನಾ ಅದೇ ಕೆಲಸ: ಮಡಿ ನೀರಿಗೆ ಮೈಲಿಗೆ ತಾಗಿದ್ರೆ ಪೂರ್ತಿ ಮೈಲಿಗೆ, ಉಲ್ಟಾ ದಾರಿ ಬೇಕಂದ್ರೆ ದುಡ್ಡು ಸುರೀಬೇಕು. ರೇಂಜರ್‌ನಲ್ಲಿ 2013ರಲ್ಲಿ ಶುರುವಾದ ಬ್ರೈನ್ ಕಾನ್ಸಂಟ್ರೇಟರ್ ಮಾಡೋದೂ ಅದನ್ನೇ, ಪ್ರೊಸೆಸ್ ವಾಟರ್‌ನ ಕುದಿಸಿ ಕುದಿಸಿ ಶುದ್ಧ ನೀರು ಒಂದ್ಕಡೆ, ಉಪ್ಪಿನ ಗಟ್ಟಿ ದ್ರವ ಒಂದ್ಕಡೆ.

ಇನ್ನು ನೀರಲ್ಲಿ ಏನಿರುತ್ತೆ. ಯುರೇನಿಯಂ ಅಂತೀರಿ, ಆದ್ರೆ ರೇಂಜರ್‌ನ ದಿನನಿತ್ಯದ ತಲೆನೋವು ಮೆಗ್ನೀಸಿಯಂ ಸಲ್ಫೇಟ್, ಹೌದು, ಭೇದಿಗೆ ಕೊಡೋ ಎಪ್ಸಮ್ ಸಾಲ್ಟೇ. ಒಡೆದ ಕಲ್ಲಲ್ಲಿರೋ ಸಲ್ಫೈಡ್‌ಗೆ (ಗಂಧಕ ಇರೋ ಖನಿಜ) ಗಾಳಿ-ನೀರು ತಾಗಿ ಆಸಿಡ್ ಆಗುತ್ತೆ, ಆ ಆಸಿಡ್ ಅದೇ ಕಲ್ಲಿನ ಮೆಗ್ನೀಸಿಯಂ ಖನಿಜಾನ ಕರಗಿಸುತ್ತೆ, ಬೇಸಿಗೇಲಿ ಒಣಗಿ ಬಿಳಿ ಉಪ್ಪಾಗಿ ಕೂತಿರುತ್ತೆ, ಮೊದಲ ಮಳೆ ಅದನ್ನ ತೊಳ್ಕೊಂಡು ಬರುತ್ತೆ. ಹಂಗಾಗಿ ಸೀಸನ್ನಿನ ಮೊದಲ ಎರಡು ಮೂರು ಮಳೆಗೆ ಸ್ಯಾಂಪಲ್ ತಗೊಳ್ದೇ ಆಮೇಲೆ ಎಷ್ಟು ತಗೊಂಡ್ರೂ ಪ್ರಯೋಜನ ಕಮ್ಮಿ. ಆಸಿಡ್ ಇಲ್ದಿದ್ರೆ ಸೇಫ್ ಅಂತಾನೂ ತಿಳ್ಕೋಬೇಡಿ, ನೀರಲ್ಲಿ ಕಾರ್ಬೊನೇಟ್ ಇದ್ರೆ ಪಿಎಚ್ ನಾರ್ಮಲ್ ಇದ್ರೂ ಯುರೇನಿಯಂ ಆರಾಮಾಗಿ ಕರಗುತ್ತೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನಿಕ್ಷೇಪ ಇರೋದು ಸುಣ್ಣದ ಕಲ್ಲಿನ ಸೀಮೇಲಿ, ಸುಣ್ಣದ ಕಲ್ಲು ಅಂದ್ರೆ ಕಾರ್ಬೊನೇಟೇ, ಅಲ್ಲಿ ಗಣಿ ಮಾತು ಬಂದಾಗೆಲ್ಲ ನನಗೆ ಮೊದಲು ನೆನಪಾಗೋದು ಇದು.

ಮಜೀಲಾ ಹೊಳೆ ನೀರು ಹೆಚ್ಚುಕಮ್ಮಿ ಮಳೆನೀರಿನಷ್ಟೇ ತಿಳಿ. ಅಲ್ಲಿ ಎಲೆಕ್ಟ್ರಿಕಲ್ ಕಂಡಕ್ಟಿವಿಟಿ (ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅನ್ನೋ ಅಳತೆ) ದಾಟಬಾರದ ಗೆರೆ 42, ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಅದೇ ಮೀಟರ್‌ನಲ್ಲಿ ಸಾವಿರ ದಾಟುತ್ತೆ! ಕುಡಿಯೋ ನೀರಲ್ಲಿ ಯುರೇನಿಯಂ ಲೀಟರ್‌ಗೆ 30 ಮೈಕ್ರೋಗ್ರಾಂ ತನಕ ಓಕೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಈ ಹೊಳೆಗೆ ಮೊದಲು ಇಟ್ಟ ಮಿತಿ 6, ಆಮೇಲೆ ಅದೂ ಜಾಸ್ತಿ ಆಯ್ತು ಅಂತ 2.8. ಯಾಕಂದ್ರೆ ಅದು ಅಲ್ಲಿಯ ಜೀವಿಗಳು ಹೇಳಿದ ನಂಬರ್, ಪಾಚಿ, ಹೈಡ್ರಾ, ಬಸವನಹುಳು, ಸಣ್ಣ ಮೀನು ಎಲ್ಲದರ ಮೇಲೆ ಟೆಸ್ಟ್ ಮಾಡಿ. ಗಣಿಯ ಮೇಲೊಂದು ಕೆಳಗೊಂದು ಜಾಗದಲ್ಲಿ ಬಸವನಹುಳುಗಳನ್ನ ಹೊಳೇಲೇ ನಾಲ್ಕು ದಿನ ಇಟ್ಟು ಎಷ್ಟು ಮೊಟ್ಟೆ ಇಟ್ವು ಅಂತ ಎಣಿಸ್ತಿದ್ರು. ನನ್ನ ಯಾವ ಲ್ಯಾಬ್ ರಿಪೋರ್ಟ್‌ಗಿಂತ ಆ ಎಣಿಕೆ ಮೇಲೆ ನನಗೆ ನಂಬಿಕೆ ಜಾಸ್ತಿ.

ಡಿಸೈನ್ ಎಷ್ಟೇ ಚೆನ್ನಾಗಿದ್ರೂ ಕೆಡೋದು ಸಣ್ಣ ವಿಷಯಕ್ಕೆ. ನಾನು ಹಿಂದೆ ಕೆಲಸ ಮಾಡಿದ ಒಂದು ಗಣೀಲಿ, ಹೆಸರು ಬೇಡ, ರಸ್ತೆ ಸಮ ಮಾಡ್ತಿದ್ದ ಗ್ರೇಡರ್ ಒಂದಡಿ ಎತ್ತರದ ಮಣ್ಣಿನ ಬದು ಕೆರೆದು ಹಾಕಿತ್ತು, ಯಾರೂ ನೋಡ್ಲಿಲ್ಲ, ನಾನೂ ಆ ವಾರ ರೌಂಡ್ಸ್ ಹೋಗಿರ್ಲಿಲ್ಲ. ರಾತ್ರಿ 40 ಮಿ.ಮೀ ಬಿತ್ತು, 12 ಹೆಕ್ಟೇರ್‌ನ ಮಡಿ ನೀರು ಸೀದಾ ಅದಿರಿನ ರಾಶಿ ಕಡೆ ತಿರುಗ್ತು, ಅರ್ಧ ಇಂಗ್ತು ಅಂದ್ಕೊಂಡ್ರೂ 24 ಲಕ್ಷ ಲೀಟರ್. ಹತ್ತು ನಿಮಿಷದ ಮಣ್ಣು ಕೆಲಸ ತಪ್ಪಿದ್ದಕ್ಕೆ ಪಂಪ್ ವಾರಗಟ್ಟಲೆ ಓಡ್ತು. ರೇಂಜರ್‌ನಲ್ಲೂ ಹಂಗೇ, 2004ರಲ್ಲಿ ಪ್ರೊಸೆಸ್ ವಾಟರ್ ಲೈನ್ ಕುಡಿಯೋ ನೀರಿನ ಲೈನಿಗೆ ಸೇರಿಬಿಟ್ಟು ಕೆಲಸಗಾರರು ಅದರಲ್ಲೇ ಸ್ನಾನ ಮಾಡಿ ಕುಡಿದೂ ಆಗಿತ್ತು, ಕಂಪನಿಗೆ 1,50,000 ಡಾಲರ್ ದಂಡ ಬಿತ್ತು. ಆಸಿಡ್ ಅಲ್ಲ, ಚಂಡಮಾರುತ ಅಲ್ಲ, ಒಂದು ಹೋಸ್ ಕನೆಕ್ಷನ್.

ಚಂಡಮಾರುತಾನೂ ಬಂತು ಬಿಡಿ. 2007ರಲ್ಲಿ, ಮುಂದೆ ಜಾರ್ಜ್ ಸೈಕ್ಲೋನ್ ಆಗೋ ವಾಯುಭಾರ ಕುಸಿತ, ಕೆಲವೇ ದಿನದಲ್ಲಿ 700 ಮಿ.ಮೀಗೂ ಮೇಲೆ ಸುರಿದು ಗಣಿ ಗುಂಡಿ ಕೆರೆ ಆಯ್ತು. 2011ರಲ್ಲಿ ಟೇಲಿಂಗ್ಸ್ ಡ್ಯಾಮ್‌ನಲ್ಲಿ ಜಾಗ ಉಳೀಬೇಕು ಅಂತ ತಿಂಗಳುಗಟ್ಟಲೆ ಮಿಲ್ಲನ್ನೇ ನಿಲ್ಲಿಸಿದ್ರು, ಯುರೇನಿಯಂ ಮಾರೋ ಕಂಪನಿ ಮಳೆ ಬಿತ್ತು ಅಂತ ಯುರೇನಿಯಂ ತಯಾರಿಸೋದನ್ನೇ ಬಿಡೋದು ಅಂದ್ರೆ ಯೋಚಿಸಿ.

2021ರ ಜನವರಿಗೆ ಮಿಲ್ ಕಾಯಮ್ಮಾಗಿ ನಿಂತ್ಹೋಯ್ತು. ಟೇಲಿಂಗ್ಸ್ ಎಲ್ಲ ಹಳೇ ಗುಂಡಿಗಳಿಗೆ ಹೋಗಿದೆ, ಅದರಿಂದ 10,000 ವರ್ಷ ಪರಿಸರಕ್ಕೆ ತೊಂದರೆ ಆಗ್ಬಾರ್ದು ಅನ್ನೋದು ಷರತ್ತು. ಒಂದು ಕಾಳು ಯುರೇನಿಯಂ ತಯಾರಾಗದಿದ್ರೂ ಪ್ರತಿ ನವೆಂಬರ್‌ಗೆ ಮಳೆ ಬಂದೇ ಬರುತ್ತೆ, ಹೊಂಡ ತುಂಬುತ್ತೆ, ನನ್ನಂಥವನೊಬ್ಬ ಬೆಳಗ್ಗೆ ಎದ್ದು ಮೊದಲು ರೇನ್‌ಗೇಜ್ ನೋಡ್ತಾನೆ.