ಅಡುಗೆಮನೆಯಲ್ಲೇ ಅಂಗಡಿ ಇಟ್ಟವರಿಗೆ ಮಾರುವುದು ಹೇಗೆ?

ಬಿಲ್ಲಿಂಗ್ ಆ್ಯಪ್, ಆನ್‌ಲೈನ್ ಅಂಗಡಿ ಮಾಡಿಕೊಡುವ ಸೇವೆ, ಆನ್‌ಲೈನ್ ಮಾರಾಟ ಕಲಿಸುವ ಕೋರ್ಸ್. ಇಂಥವನ್ನು ಮಾಡುವ ಸಣ್ಣ ಕಂಪನಿಗಳಿಗೆ ಮಾರ್ಕೆಟಿಂಗ್ ಸಲಹೆ ಕೊಡುವುದು ನನ್ನ ಕೆಲಸ. "ಮನೆಯಲ್ಲಿ ಬಿಸಿನೆಸ್ ಮಾಡೋ ತಾಯಂದಿರಿಗೆ ತಲುಪಿಸಬೇಕು ಮೇಡಂ" ಎಂದು ಬರುವವರ ಕೈಯಲ್ಲಿ ಜಾಹೀರಾತು ಆಗಲೇ ಸಿದ್ಧವಾಗಿರುತ್ತದೆ. ತೊಡೆಯ ಮೇಲೆ ಮಗು, ಮುಂದೆ ಲ್ಯಾಪ್‌ಟಾಪ್, ಮೇಲೊಂದು ಸಾಲು: "ಮನೆಯಲ್ಲೇ ಕೂತು ತಿಂಗಳಿಗೆ 50 ಸಾವಿರ ಗಳಿಸಿ."

ಆ ಸಾಲನ್ನು ಮೊದಲು ತೆಗೆಸುತ್ತೇನೆ. ಡೇಟಾ ಎಂಟ್ರಿ ಕೆಲಸ ಕೊಡುತ್ತೇವೆ ಎಂದು ನೋಂದಣಿ ಹಣ ಕಟ್ಟಿಸಿಕೊಂಡು ಮಾಯವಾದವರು ಬಳಸಿದ್ದೂ ಇಂಥದ್ದೇ ಸಾಲು. ನಿಮ್ಮ ಆ್ಯಪ್ ಎಷ್ಟೇ ಒಳ್ಳೆಯದಿದ್ದರೂ ಆ ಮಾತಿನ ಪಕ್ಕ ನಿಂತರೆ ಅನುಮಾನ ಬರುತ್ತದೆ. ಅದೂ ಅಲ್ಲದೆ, ಈ ಹೆಣ್ಣುಮಕ್ಕಳು ಆಗಲೇ ದುಡಿಯುತ್ತಿದ್ದಾರೆ. ಚಟ್ನಿಪುಡಿ, ರಾಗಿ ಸರಿ, ಬ್ಲೌಸ್ ಹೊಲಿಗೆ, ಸೀರೆ ಕುಚ್ಚು, ಹೀಗೆ ಏನೋ ಒಂದು ನಡೆಯುತ್ತಿದೆ. ಅವರಿಗೆ ಕನಸು ಮಾರಬೇಕಾಗಿಲ್ಲ. ಕೈಲಿರುವ ಕೆಲಸ ಸುಲಭವಾಗಬೇಕು, ಅಷ್ಟೇ.

ಕುಚ್ಚು ಕಟ್ಟುವವರನ್ನೇ ತೆಗೆದುಕೊಳ್ಳಿ. ಹಬ್ಬದ ಸಮಯದಲ್ಲಿ ಮನೆಯಲ್ಲಿ ಹತ್ತಾರು ಸೀರೆ ಬಂದು ಬಿದ್ದಿರುತ್ತವೆ. ಯಾವ ಸೀರೆ ಯಾರದ್ದು, ಯಾವ ಡಿಸೈನ್ ಹೇಳಿದ್ದರು, ಅಡ್ವಾನ್ಸ್ ಎಷ್ಟು ಬಂತು, ಯಾವಾಗ ಕೊಡಬೇಕು? ಈ ವಿವರಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಚದುರಿ ಹೋಗಿರುತ್ತವೆ. ಡಿಸೈನ್ ಫೋಟೋ ಒಂದು ಕಡೆ, ಹಣ ಕಳಿಸಿದ ಸ್ಕ್ರೀನ್‌ಶಾಟ್ ಇನ್ನೊಂದು ಕಡೆ, "ಅಕ್ಕಾ, ಶುಕ್ರವಾರ ಬೇಕು" ಎಂಬ ವಾಯ್ಸ್ ಮೆಸೇಜ್ ಮತ್ತೆಲ್ಲೋ. ಇವರ ಮುಂದೆ "ಸಮಗ್ರ ವ್ಯವಹಾರ ನಿರ್ವಹಣೆ" ಎಂದರೆ ಅದು ತಮಗಲ್ಲ ಎಂದು ಮುಂದೆ ಹೋಗುತ್ತಾರೆ. "ಯಾರ ಸೀರೆ, ಯಾವ ಕುಚ್ಚು, ಎಷ್ಟು ಬಾಕಿ, ಒಂದೇ ಕಡೆ ನೋಡಿ" ಎಂದರೆ ನಿಂತು ನೋಡುತ್ತಾರೆ. ಆ್ಯಪ್ ಅದೇ, ಆದರೆ ಈ ಮಾತು ಅವರ ಕೆಲಸದ ಒಳಗಿನಿಂದ ಬಂದಿದೆ.

ಬೆಲೆಯನ್ನೂ ಅವರ ಲೆಕ್ಕದಲ್ಲೇ ನೋಡಬೇಕು. ಒಂದು ಸೀರೆಗೆ 300 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ದಾರ, ಮಣಿಯ ಖರ್ಚು ಅದರಲ್ಲೇ ಹೋಗಬೇಕು. ತಿಂಗಳಿಗೆ 499 ರೂಪಾಯಿಯ ಆ್ಯಪ್ ಎಂದರೆ ಸುಮಾರು ಎರಡು ಸೀರೆಯ ದುಡಿಮೆ, ಅದೂ ಮಕ್ಕಳು ಮಲಗಿದ ಮೇಲೆ ಕೂತು ಮಾಡಿದ ಕೆಲಸ. "ದಿನಕ್ಕೆ ಬರೀ 17 ರೂಪಾಯಿ" ಎಂದು ಬರೆದರೆ ಅವರು ಮೋಸ ಹೋಗುವುದಿಲ್ಲ. ಎರಡು ಸೀರೆಗೆ ಬದಲಾಗಿ ಏನು ಸಿಗುತ್ತದೆ ಎಂದು ನೇರವಾಗಿ ಹೇಳಿ.

ಸಂಜೆ 6ಕ್ಕೆ ಲೈವ್ ಡೆಮೊ ಇಟ್ಟು, "ಯಾರೂ ಬರಲಿಲ್ಲ" ಎನ್ನುವ ಕಂಪನಿಗಳಿವೆ. ಆ ಹೊತ್ತಿಗೆ ಮನೆಯಲ್ಲಿ ಹೋಮ್‌ವರ್ಕ್, ಅಡುಗೆ ಎಲ್ಲ ಒಟ್ಟಿಗೆ ನಡೆಯುತ್ತಿರುತ್ತದೆ ಅಲ್ವಾ? ಮೂರು ನಿಮಿಷದ ವಿಡಿಯೋ ಮಾಡಿ, ಬೇಕಾದಾಗ ನೋಡಿಕೊಳ್ಳಲಿ. ಕೈಯಲ್ಲಿ ಸೂಜಿ ಇರುವವರು ಪರದೆ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಹಾಗಾಗಿ ಬರೀ ಕೇಳಿದರೂ ಅರ್ಥವಾಗುವಂತಿರಲಿ. ಹಿಂದಿಯಿಂದ ಡಬ್ ಮಾಡಿದ ಕನ್ನಡ ಬೇಡ. ಧಾರವಾಡದವರು ವಾಯ್ಸ್ ಮೆಸೇಜ್‌ನಲ್ಲಿ ಪ್ರಶ್ನೆ ಕೇಳಿದರೆ ವಾಯ್ಸ್ ಮೆಸೇಜ್‌ನಲ್ಲೇ ಉತ್ತರ ಕೊಡಿ, ಅವರ ಮಾತು ಅರ್ಥವಾಗುವ ಒಬ್ಬರನ್ನು ಅಲ್ಲಿ ಕೂರಿಸಿ.

ನನಗೆ ತುಂಬಾ ಬೇಸರ ತರಿಸುವುದು ಹೆದರಿಸಿ ಮಾರುವುದು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂಬ ಚೀಟಿ ಬಿತ್ತು. ಇಂಥ ಭಯವನ್ನೇ ಹಿಡಿದು ಬಿಲ್ಲಿಂಗ್ ಆ್ಯಪ್ ಮಾರುವುದು ತಪ್ಪು. ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವಸ್ತುವನ್ನು ಹೊರರಾಜ್ಯಕ್ಕೆ ಮಾರುವುದಾದರೆ ನಿಯಮ ಬೇರೆ. ಈ ಮಿತಿಯೊಳಗಿದ್ದು ರಾಜ್ಯದ ಒಳಗೆ ಮಾತ್ರ ವಸ್ತು ಮಾರುವವರು, 2023ರ ಅಕ್ಟೋಬರ್ 1ರಿಂದ, ಜಿಎಸ್‌ಟಿ ನೋಂದಣಿ ಇಲ್ಲದೆ ಬರೀ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇ-ಕಾಮರ್ಸ್ ತಾಣಗಳಲ್ಲೂ ಮಾರಬಹುದು. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಇದನ್ನೆಲ್ಲ ಮುಚ್ಚಿಡದೆ ಹೇಳಿ. "ನಿಮಗೆ ಇದು ಈಗ ಬೇಕಾಗಿಲ್ಲ" ಎಂದು ಒಮ್ಮೆ ಹೇಳಿದವರ ಮಾತನ್ನು ಮುಂದೆ ನಂಬುತ್ತಾರೆ.

ಈ ನಂಬಿಕೆ ಹರಡುವುದು ಅಪಾರ್ಟ್‌ಮೆಂಟ್ ಗ್ರೂಪ್, ಶಾಲೆಯ ಅಮ್ಮಂದಿರ ಗ್ರೂಪ್, ಮಹಿಳಾ ಸಂಘಗಳಲ್ಲಿ. "ನಾನು ಬಳಸ್ತಿದೀನಿ, ಚೆನ್ನಾಗಿದೆ ಕಣೇ" ಎಂಬ ಒಂದು ಮಾತಿಗೆ ಜಾಹೀರಾತಿಗಿಂತ ತೂಕ ಜಾಸ್ತಿ. ಆ ಮಾತಿಗೆ ಹಣ ಕೊಟ್ಟಿದ್ದರೆ ಅದನ್ನು ತಿಳಿಸಲೇಬೇಕು, 2022ರ ಕೇಂದ್ರದ ಜಾಹೀರಾತು ಮಾರ್ಗಸೂಚಿ ಹಾಗೇ ಹೇಳುತ್ತದೆ. ಹಣ ಕಟ್ಟಿ ಸೇರಿದವರು ಇನ್ನಷ್ಟು ಜನರನ್ನು ಸೇರಿಸಿದರೆ ಕಮಿಷನ್ ಎಂಬ ಸರಪಳಿಯನ್ನಂತೂ ಮಾಡಲೇಬೇಡಿ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಅಲ್ಲಿ ಮುರಿಯುವುದು ಹಣ ಮಾತ್ರವಲ್ಲ, ಅಕ್ಕಪಕ್ಕದವರ ಸ್ನೇಹವೂ.

ಕೊನೆಗೆ, ಬಿಟ್ಟು ಹೋಗುವ ದಾರಿ. "ಇನ್ನು 10 ನಿಮಿಷ ಮಾತ್ರ" ಎಂಬ ಸುಳ್ಳು ಗಡಿಯಾರ, ಸೇರಲು ಒಂದೇ ಬಟನ್ ಇಟ್ಟು, ಬಿಡಲು ಹತ್ತು ಫೋನ್ ಮಾಡಿಸುವುದು, ಹೀಗೆ ಗ್ರಾಹಕರನ್ನು ಸಿಕ್ಕಿಸುವ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ, 2023ರ ನವೆಂಬರ್‌ನ ಕೇಂದ್ರದ ಮಾರ್ಗಸೂಚಿ ಇವನ್ನು ನಿಷೇಧಿಸಿದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ: ತಾತ್ಕಾಲಿಕವಾಗಿ ನಿಲ್ಲಿಸುವ ಬಟನ್ ಕೊಡಿ. ಆಷಾಢದಲ್ಲಿ ಮದುವೆ ಇಲ್ಲ, ಕುಚ್ಚಿನ ಕೆಲಸ ಕಡಿಮೆ. ಆ ತಿಂಗಳು ಹಣ ಕಟ್ಟಿಸಿಕೊಳ್ಳಬೇಡಿ, ಹಳೆಯ ಲೆಕ್ಕ ಅಳಿಸಬೇಡಿ. ಶ್ರಾವಣ ಹತ್ತಿರ ಬಂದು ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಮನೆಗೆ ಬರಲು ಶುರುವಾದಾಗ ಅವರಿಗೆ ಆ ಲೆಕ್ಕ ಬೇಕೇ ಬೇಕು.