ಆಬ್ಜೆಕ್ಟ್ ಡೇಟಾಬೇಸ್‌ಗಳಲ್ಲಿ ಮೆಟೀರಿಯಲೈಸ್ಡ್ ವ್ಯೂ: ಒಂದು ತೊಡಕಿನ ಹಿನ್ನೆಲೆ

ಡೇಟಾಬೇಸ್‌ನಲ್ಲಿ ವ್ಯೂ ಎಂದರೆ ಹೆಸರಿಟ್ಟುಕೊಂಡ ಒಂದು ಕ್ವೆರಿ, ಅಂದರೆ ಬೇಕಾದ ಮಾಹಿತಿಯನ್ನು ಆರಿಸಿ ಕೊಡುವಂತೆ ಕೇಳುವ ಪ್ರಶ್ನೆ. ಅದರ ಫಲಿತಾಂಶವನ್ನು ಡಿಸ್ಕಿನಲ್ಲಿ ಉಳಿಸಿಟ್ಟರೆ ಅದು ಮೆಟೀರಿಯಲೈಸ್ಡ್ ವ್ಯೂ. ಓದುವ ಕೆಲಸ ಇದರಿಂದ ಹಗುರವಾಗುತ್ತದೆ, ಆದರೆ ಮೂಲ ಮಾಹಿತಿ ಬದಲಾದೊಡನೆ ಉಳಿಸಿಟ್ಟದ್ದು ಹಳತಾಗುತ್ತದೆ. ಎಲ್ಲವನ್ನೂ ಮತ್ತೆ ಲೆಕ್ಕ ಹಾಕದೆ, ಬದಲಾದಷ್ಟನ್ನೇ ತಿದ್ದುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಶನಲ್ ಡೇಟಾಬೇಸ್‌ಗಳಿಗೆ ಇದರ ಉತ್ತರ ತಕ್ಕಮಟ್ಟಿಗೆ ಬೇಗನೆ ದೊರಕಿತು. ಬ್ಲೇಕ್ಲಿ, ಲಾರ್ಸನ್ ಮತ್ತು ಟಾಂಪಾ 1986ರಲ್ಲಿ, ವ್ಯೂಗೆ ಸಂಬಂಧವೇ ಇಲ್ಲದ ಬದಲಾವಣೆಗಳನ್ನು ಮೊದಲೇ ಸೋಸಿ, ಉಳಿದವುಗಳಿಂದ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕುವ ವಿಧಾನವನ್ನು ಮುಂದಿಟ್ಟರು. ವ್ಯೂ ಯಾವ ಟೇಬಲ್‌ಗಳನ್ನು ಅವಲಂಬಿಸಿದೆ ಎಂಬುದು ಅದರ ವ್ಯಾಖ್ಯೆಯಲ್ಲೇ ಬರೆದಿರುತ್ತದೆಯಾದ್ದರಿಂದ ಇದು ಸಾಧ್ಯವಾಯಿತು.

ಅದೇ ದಶಕದ ಕೊನೆಗೆ, ಎಂಜಿನಿಯರಿಂಗ್ ವಿನ್ಯಾಸದಂಥ ಜಟಿಲ ಮಾಹಿತಿಯನ್ನು ಟೇಬಲ್‌ಗಳಾಗಿ ಒಡೆಯದೆ ಇಡಬಲ್ಲ ಜೆಮ್‌ಸ್ಟೋನ್, ಓ2 ಮುಂತಾದ ಆಬ್ಜೆಕ್ಟ್ ಡೇಟಾಬೇಸ್‌ಗಳು ಬಂದವು. ಇಲ್ಲಿ ಆಬ್ಜೆಕ್ಟ್ ಎಂದರೆ ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ (ಮೆಥಡ್‌ಗಳನ್ನೂ) ಒಟ್ಟಿಗಿಟ್ಟ ಘಟಕ. ಆದರೆ ಅವುಗಳ ಹೆಗ್ಗಳಿಕೆ ಎನಿಸಿದ ಗುಣಗಳೇ ಈ ಕೆಲಸಕ್ಕೆ ಅಡ್ಡಿಯಾದವು. ಒಂದು ಆಬ್ಜೆಕ್ಟ್ ಇನ್ನೊಂದನ್ನು, ಅದು ಮತ್ತೊಂದನ್ನು ಸೂಚಿಸುತ್ತಾ ಹೋಗುವ ಸರಪಳಿಯ ಕೊನೆಯಲ್ಲಿ ಆದ ಸಣ್ಣ ಬದಲಾವಣೆಯೂ ವ್ಯೂ ಅನ್ನು ತಪ್ಪಾಗಿಸಬಹುದು; ಅಲ್ಲಿಂದ ಹಿಂದಕ್ಕೆ ಬರಲು ಸಾಮಾನ್ಯವಾಗಿ ದಾರಿಯಿರುವುದಿಲ್ಲ. ಮೇಲಾಗಿ, ಮೆಥಡ್ ತನ್ನೊಳಗೆ ಏನನ್ನು ಓದುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಈ ಎರಡನೆಯ ತೊಡಕಿಗೆ ನನ್ನ ಮಟ್ಟಿಗೆ ಅತ್ಯಂತ ಜಾಣ ಉತ್ತರ ಬಂದದ್ದು 1991ರಲ್ಲಿ, ಜರ್ಮನಿಯ ಕೆಂಪರ್, ಕಿಲ್ಗರ್ ಮತ್ತು ಮೋರ್ಕೊಟ್ಟೆ ಅವರಿಂದ. ಮೆಥಡ್‌ನ ಫಲಿತಾಂಶವನ್ನು ಲೆಕ್ಕ ಹಾಕುವಾಗ ಅದು ಮುಟ್ಟಿದ ಪ್ರತಿಯೊಂದು ಆಬ್ಜೆಕ್ಟನ್ನೂ ಒಂದು ಪಟ್ಟಿಯಲ್ಲಿ ದಾಖಲಿಸಿಕೊಂಡರೆ, ಮುಂದೆ ಆ ಆಬ್ಜೆಕ್ಟ್ ಬದಲಾದಾಗ ಯಾವ ಫಲಿತಾಂಶಗಳು ಕೆಟ್ಟವು ಎಂಬುದನ್ನು ಪಟ್ಟಿಯೇ ಹೇಳುತ್ತದೆ. ಅವರು ಕೊಟ್ಟ ಉದಾಹರಣೆ ಒಂದು ಆಯತಘನದ ಘನಫಲ. ಆಯತಘನವನ್ನು ತಿರುಗಿಸಿದರೆ ಅದರ ಎಂಟೂ ಶೃಂಗಗಳ ನಿರ್ದೇಶಾಂಕಗಳು ಬದಲಾಗುತ್ತವೆ, ಘನಫಲ ಮಾತ್ರ ಬದಲಾಗುವುದಿಲ್ಲ. ಬರೀ ಪಟ್ಟಿಯನ್ನು ನಂಬಿದ ವ್ಯವಸ್ಥೆ ಸುಮ್ಮನೆ ಮತ್ತೆ ಮತ್ತೆ ಗುಣಾಕಾರ ಮಾಡುತ್ತಾ ಕೂರುತ್ತದೆ. ಆದ್ದರಿಂದ ಶೃಂಗಗಳನ್ನು ಹೊರಗಿನಿಂದ ನೇರವಾಗಿ ಮುಟ್ಟಗೊಡದೆ, ಯಾವ ಕ್ರಿಯೆ ಯಾವ ಫಲಿತಾಂಶವನ್ನು ಕೆಡಿಸುತ್ತದೆ ಎಂಬುದನ್ನು ವಿನ್ಯಾಸಕಾರರೇ ಘೋಷಿಸುವ ಅವಕಾಶವನ್ನೂ ಅವರು ಕಲ್ಪಿಸಿದರು. ತಡೆಗೋಡೆಯಾಗಿದ್ದ ಎನ್‌ಕ್ಯಾಪ್ಸುಲೇಶನ್, ಅಂದರೆ ಆಬ್ಜೆಕ್ಟ್‌ನ ಒಳಗನ್ನು ಹೊರಗಿನಿಂದ ಮರೆಮಾಡುವ ಗುಣ, ಇಲ್ಲಿ ನೆರವಿಗೆ ಬಂದಿತು.

ಮಿಷಿಗನ್‌ನಲ್ಲಿ ಕುನೊ ಮತ್ತು ರುಂಡೆನ್‌ಸ್ಟೈನರ್ ಜೆಮ್‌ಸ್ಟೋನ್ ಮೇಲೆ ಕಟ್ಟಿದ ಮಲ್ಟಿವ್ಯೂ ಎಂಬ ವ್ಯವಸ್ಥೆ, ಸರಪಳಿಯ ತೊಡಕಿಗೆ ಕ್ಲಾಸ್‌ಗಳ (ಒಂದೇ ಬಗೆಯ ಆಬ್ಜೆಕ್ಟ್‌ಗಳ ವರ್ಗಗಳ) ಶ್ರೇಣಿಯನ್ನೂ ವಿಶೇಷ ಇಂಡೆಕ್ಸ್‌ಗಳನ್ನೂ (ಬೇಗ ಹುಡುಕಲು ನೆರವಾಗುವ ಸೂಚಿಗಳನ್ನೂ) ಬಳಸಿತು. ಆ ಕುರಿತ ವಿಸ್ತೃತ ಪ್ರಬಂಧ 1998ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಮಾರುಕಟ್ಟೆ ಬೇರೆ ದಿಕ್ಕು ಹಿಡಿದಿತ್ತು: ಮೆಟೀರಿಯಲೈಸ್ಡ್ ವ್ಯೂ ಆ ಹೆಸರಿನಲ್ಲಿ ಒರಾಕಲ್ 8ಐ ಎಂಬ ರಿಲೇಶನಲ್ ಡೇಟಾಬೇಸ್ ಮೂಲಕ ಸಾಮಾನ್ಯ ಬಳಕೆದಾರರನ್ನು ತಲುಪಿತು, ಆಬ್ಜೆಕ್ಟ್ ಡೇಟಾಬೇಸ್‌ಗಳ ಮಾನಕ ರೂಪಿಸುತ್ತಿದ್ದ ಓಡಿಎಂಜಿ 2001ರಲ್ಲಿ ವಿಸರ್ಜನೆಗೊಂಡಿತು.

ಹಾಗೆಂದು ರಿಲೇಶನಲ್ ಪಾಳಯದಲ್ಲಿ ಎಲ್ಲವೂ ಬಗೆಹರಿದಿಲ್ಲ. ಪೋಸ್ಟ್‌ಗ್ರೆಸ್ ಎಂಬ ರಿಲೇಶನಲ್ ಡೇಟಾಬೇಸ್‌ನ 2013ರ 9.3 ಆವೃತ್ತಿಯಲ್ಲಿ ಬಂದ ಮೆಟೀರಿಯಲೈಸ್ಡ್ ವ್ಯೂ, ರಿಫ್ರೆಶ್ ಆದೇಶ ಕೊಟ್ಟಾಗ ಇಡೀ ಕ್ವೆರಿಯನ್ನು ಮತ್ತೆ ಓಡಿಸುತ್ತದೆ. ಇತ್ತ, ಲೆಕ್ಕ ಹಾಕುವಾಗ ಓದಿದ್ದನ್ನೆಲ್ಲ ದಾಖಲಿಸಿಕೊಳ್ಳುವ ಅದೇ ಬಗೆಯ ತಂತ್ರವನ್ನು ಮೊಬ್‌ಎಕ್ಸ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಬ್ರೌಸರ್‌ನಲ್ಲಿ ನಿತ್ಯ ಬಳಸುತ್ತಿವೆ.