ಸಬಾರ್ಡಿನೇಟ್: ಯಾರಿಗೆ, ಯಾವ ವಿಷಯದಲ್ಲಿ?

ಅನುವಾದದ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಂದು ಸಾಲದ ಕರಾರು ನನ್ನ ಕೈಗೆ ಬಂತು. ಒಂದು ಕಂಪನಿ ಎರಡು ಕಡೆ ಸಾಲ ಮಾಡಿತ್ತು. ಒಂದು ಬ್ಯಾಂಕಿನಿಂದ, ಇನ್ನೊಂದು ಖಾಸಗಿಯಾಗಿ ಒಬ್ಬರಿಂದ. ಖಾಸಗಿಯವರ ಸಾಲ ಬ್ಯಾಂಕಿನ ಸಾಲಕ್ಕೆ 'ಸಬಾರ್ಡಿನೇಟ್' ಎಂದು ಇಂಗ್ಲಿಷಿನಲ್ಲಿತ್ತು. ನಾನು ಜಾಸ್ತಿ ಯೋಚನೆ ಮಾಡದೆ 'ಬ್ಯಾಂಕಿನ ಸಾಲಕ್ಕಿಂತ ಕೆಳಗಿನದು' ಎಂದು ಬರೆದು ಕಳಿಸಿದೆ. ಮರುದಿನ ಆ ಸಾಲ ಕೊಟ್ಟವರೇ ಫೋನ್ ಮಾಡಿದರು. "ಕೆಳಗಿನದು ಅಂದ್ರೇನು ಮೇಡಂ? ನಾನು ಕೊಟ್ಟಿರೋದು ಬ್ಯಾಂಕಿಗಿಂತ ಜಾಸ್ತಿ ದುಡ್ಡು ಅಲ್ವಾ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಬರೆದ ಕನ್ನಡಕ್ಕೆ ಅವರು ಮಾಡಿಕೊಂಡ ಅರ್ಥವೇ ಬರುತ್ತಿತ್ತು. ಆ ವಾಕ್ಯ ಕಿತ್ತುಹಾಕಿ, 'ಬ್ಯಾಂಕಿನ ಸಾಲ ಪೂರ್ತಿ ತೀರಿದ ಮೇಲೆಯೇ ಈ ಸಾಲ ತೀರಿಸಬೇಕು' ಎಂದು ಬರೆದೆ. ಅದನ್ನು ಓದಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೀಗೆ ಅಂತ ಮೊದಲೇ ಗೊತ್ತಿದ್ರೆ ಬಡ್ಡಿ ಜಾಸ್ತಿ ಕೇಳ್ತಿದ್ದೆ" ಅಂದರು.

ಅವತ್ತಿನಿಂದ ಈ ಪದ ಕಂಡರೆ ನಿಘಂಟು ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾರಿಗೆ ಸಬಾರ್ಡಿನೇಟ್? ಯಾವ ವಿಷಯದಲ್ಲಿ? ಈ ಪದ ಹೇಳುವುದು ಎರಡರ ನಡುವಿನ ಸಂಬಂಧವನ್ನು. ಒಂಟಿಯಾಗಿ ನಿಂತ ಯಾವುದರ ಯೋಗ್ಯತೆಯನ್ನೂ ಅದು ಅಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಅದರ ಬೆನ್ನಿಗೆ ಸಾಮಾನ್ಯವಾಗಿ 'ಟು' ಬರುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು 'ಗೆ', 'ಕ್ಕೆ' ಪ್ರತ್ಯಯ. ಅದನ್ನು 'ಗಿಂತ', 'ಕ್ಕಿಂತ' ಮಾಡಿದಿರೋ, ಅರ್ಥ ಕೆಟ್ಟಿತು. ನಾನು ಮಾಡಿದ್ದು ಅದನ್ನೇ.

ಪದದ ಮೂಲ ಲ್ಯಾಟಿನ್. 'ಸಬ್' ಎಂದರೆ ಕೆಳಗೆ, 'ಓರ್ಡೊ' ಎಂದರೆ ಸಾಲು. ಆರ್ಡರ್, ಆರ್ಡಿನರಿ, ಕೋಆರ್ಡಿನೇಟ್ ಎಲ್ಲ ಅದೇ ಬೇರಿನವು. ಒಂದೇ ಸಾಲಲ್ಲಿ ಜೊತೆಗೆ ನಿಂತರೆ ಕೋಆರ್ಡಿನೇಟ್, ಕೆಳಗಿನ ಸಾಲಲ್ಲಿ ನಿಂತರೆ ಸಬಾರ್ಡಿನೇಟ್. ಇಂಗ್ಲಿಷಿಗೆ ಇದು ಬಂದದ್ದು 15ನೇ ಶತಮಾನದಲ್ಲಿ, ಮೊದಲು ವಿಶೇಷಣವಾಗಿ. ನಾಮಪದ, ಕ್ರಿಯಾಪದ ಆದದ್ದು ಆಮೇಲೆ. ಉಚ್ಚಾರಣೆಯಲ್ಲೂ ವ್ಯತ್ಯಾಸ ಇದೆ. ವ್ಯಕ್ತಿಗೋ ವಸ್ತುವಿಗೋ ಹೇಳುವಾಗ ಕೊನೆಯಲ್ಲಿ 'ನಟ್' ಎಂದು ಮೊಟಕಾಗುತ್ತದೆ. 'ಒಂದನ್ನು ಇನ್ನೊಂದರ ಕೆಳಗಿಡು' ಎಂಬ ಕ್ರಿಯಾಪದವಾದರೆ 'ನೇಟ್' ಎಂದು ಎಳೆಯುತ್ತಾರೆ. ಎಸ್ಟಿಮೇಟ್, ಗ್ರಾಜುಯೇಟ್, ಸೆಪರೇಟ್ ಪದಗಳದ್ದೂ ಇದೇ ಕಥೆ. ಕನ್ನಡ ಲಿಪಿಯಲ್ಲಿ ನಾವು ಎಲ್ಲಕ್ಕೂ 'ನೇಟ್' ಎಂದೇ ಬರೆಯುವುದು ರೂಢಿ. ನಾನೂ ಹಾಗೇ ಬರೆಯುತ್ತಿದ್ದೇನೆ.

ಸಾಲದ ವಿಷಯದಲ್ಲಿ ಸಾಲು ಎಂಬ ಅರ್ಥ ಚೆನ್ನಾಗಿ ಕಾಣುತ್ತದೆ. ಒಂದು ಕಂಪನಿ ಮುಳುಗಿತು, ಇದ್ದಬದ್ದದ್ದನ್ನು ಮಾರಿದರೆ 100 ಬಂತು ಅನ್ನಿ. ಬ್ಯಾಂಕಿಗೆ 70 ಕೊಡಬೇಕು, ಸಬಾರ್ಡಿನೇಟ್ ಸಾಲ ಕೊಟ್ಟವರಿಗೆ 50 ಕೊಡಬೇಕು. ಇಬ್ಬರಿಗೂ ಸಮನಾಗಿ ಹಂಚುವುದಿಲ್ಲ. ಬ್ಯಾಂಕು ತನ್ನ 70 ಪೂರ್ತಿ ಎತ್ತಿಕೊಳ್ಳುತ್ತದೆ. ಉಳಿದ 30 ಎರಡನೆಯವರಿಗೆ. ಅವರಿಗೆ 20 ನಷ್ಟ. ಷೇರುದಾರರು ಅವರ ಹಿಂದೆ ನಿಂತಿರುತ್ತಾರೆ, ಅವರ ಕೈಗೆ ಏನೂ ಇಲ್ಲ. ಸಾಲಿನಲ್ಲಿ ಹಿಂದೆ ನಿಲ್ಲಲು ಒಪ್ಪಿದ್ದಕ್ಕೆ ಬೆಲೆ ಎಂದೇ ಇಂಥ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. ನನಗೆ ಫೋನ್ ಮಾಡಿದವರಿಗೆ ಈ ಲೆಕ್ಕ ಒಂದೇ ವಾಕ್ಯದಲ್ಲಿ ಹೊಳೆದಿತ್ತು.

ಸಾಲು ತಿರುಗಾಮುರುಗಾ ಆದರೆ ಜನ ಹೇಗೆ ಸಿಟ್ಟಾಗುತ್ತಾರೆ ಎನ್ನುವುದು 2023ರ ಮಾರ್ಚಿನಲ್ಲಿ ಕಂಡಿತು. ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕು ಯುಬಿಎಸ್ ಎಂಬ ಇನ್ನೊಂದು ಬ್ಯಾಂಕಿನ ತೆಕ್ಕೆಗೆ ಹೋದಾಗ, ಸುಮಾರು 16 ಬಿಲಿಯನ್ ಸ್ವಿಸ್ ಫ್ರಾಂಕಿನ 'ಎಟಿ1' ಬಾಂಡುಗಳ ಬೆಲೆಯನ್ನು ಸೊನ್ನೆ ಮಾಡಿದರು. ಇವು ಮಾಮೂಲಿ ಸಾಲಗಳ ಹಿಂದೆ, ಆದರೆ ಷೇರುದಾರರ ಮುಂದೆ ನಿಲ್ಲಬೇಕಾದ ಬಾಂಡುಗಳು. ವಿಚಿತ್ರ ಎಂದರೆ ಅವರ ಹಿಂದೆ ನಿಂತಿದ್ದ ಷೇರುದಾರರಿಗೆ ಸುಮಾರು 3 ಬಿಲಿಯನ್ ಫ್ರಾಂಕ್ ಸಿಕ್ಕಿತು. ಬಾಂಡಿನ ಷರತ್ತಿನಲ್ಲೇ ಇದಕ್ಕೆ ಅವಕಾಶ ಇದೆ ಎಂದು ನಿಯಂತ್ರಕರು ಹೇಳಿದರು. ಹೂಡಿಕೆದಾರರು ಕೋರ್ಟಿಗೆ ಹೋದರು.

ವ್ಯಾಕರಣದ ಪಾಠದಲ್ಲಿ ಈ ಪದ ಇನ್ನೊಂದು ತೊಂದರೆ ಕೊಡುತ್ತದೆ. ಸಬಾರ್ಡಿನೇಟ್ ಕ್ಲಾಸ್ (clause) ಎಂದರೆ ತಾನೇ ನಿಲ್ಲಲಾರದ, ಇನ್ನೊಂದು ವಾಕ್ಯಕ್ಕೆ ಆತುಕೊಂಡ ತುಂಡು. 'ಮಳೆ ಬಂದದ್ದರಿಂದ ಆಟ ನಿಂತಿತು' ಎಂಬಲ್ಲಿ 'ಮಳೆ ಬಂದದ್ದರಿಂದ' ಅಷ್ಟನ್ನೇ ಹೇಳಿ ಸುಮ್ಮನಾದರೆ ಕೇಳುವವರು ಬಾಯಿ ನೋಡುತ್ತಾ ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಈ ತುಂಡನ್ನು ತೋರಿಸಲು 'ಬಿಕಾಸ್', 'ಇಫ್', 'ಆಲ್ದೋ' ತರಹದ ಪದ ಮುಂದೆ ಬರುತ್ತದೆ. ಕನ್ನಡದಲ್ಲಿ ಆ ಕೆಲಸ ಕ್ರಿಯಾಪದದ ಬಾಲದಲ್ಲೇ ಆಗಿಹೋಗುತ್ತದೆ: ಬಂದರೆ, ಬಂದರೂ, ಬಂದದ್ದರಿಂದ, ಬಂದಾಗ. ಒಂದೇ 'ಬಾ' ಧಾತು, ಅಂತ್ಯ ಬದಲಾದರೆ ಸಂಬಂಧ ಬದಲಾಗುತ್ತದೆ.

ಇದನ್ನು ಕೆಲವರು 'ಗೌಣ ವಾಕ್ಯ' ಎಂದು ಕಲಿಸುತ್ತಾರೆ. ಗೌಣ ಎಂದ ಕೂಡಲೇ ಮಕ್ಕಳ ತಲೆಯಲ್ಲಿ 'ಮುಖ್ಯವಲ್ಲದ್ದು' ಎಂದು ಕೂತುಬಿಡುತ್ತದೆ. 'ಸೇತುವೆ ಇವತ್ತು ಬೀಳುತ್ತದೆ ಎಂದು ನನಗನ್ನಿಸುತ್ತದೆ.' ಇದರಲ್ಲಿ ವ್ಯಾಕರಣದ ಪ್ರಕಾರ ಪ್ರಧಾನ ವಾಕ್ಯ 'ನನಗನ್ನಿಸುತ್ತದೆ'. ಸೇತುವೆ ಬೀಳುವುದು ಬರೀ ಅಧೀನ! ಸೇತುವೆ ಮೇಲೆ ನಿಂತವರನ್ನು ಕೇಳಿ, ಯಾವುದು ಮುಖ್ಯ ಅಂತ. 'ಉಪವಾಕ್ಯ' ಅಥವಾ 'ಅಧೀನ ವಾಕ್ಯ' ಎಂದರೆ ಈ ಗೊಂದಲ ಕಡಿಮೆ ಎಂಬುದು ನನ್ನ ಅನುಭವ.

ಕಾನೂನಿನಲ್ಲಿ ಸಬಾರ್ಡಿನೇಟ್ ಲೆಜಿಸ್ಲೇಶನ್ ಎನ್ನುವುದಿದೆ. ಶಾಸನಸಭೆ ಒಂದು ಕಾಯ್ದೆ ಮಾಡಿ, ವಿವರಗಳನ್ನು ನಿಯಮದ ರೂಪದಲ್ಲಿ ಬರೆಯುವ ಅಧಿಕಾರವನ್ನು ಬೇರೆಯವರಿಗೆ ಕೊಟ್ಟಿರುತ್ತದೆ. ಆ ನಿಯಮಕ್ಕೂ ಕಾನೂನಿನ ಬಲ ಇದೆ, ಮುರಿದರೆ ದಂಡವೂ ಬೀಳಬಹುದು. ಆದರೆ ಅದು ತಾಯಿ ಕಾಯ್ದೆಯ ಗೆರೆ ದಾಟಿದರೆ ನ್ಯಾಯಾಲಯ ರದ್ದು ಮಾಡಬಹುದು. ಇಲ್ಲಿ 'ಅಧೀನ' ಸರಿಯಾಗಿ ಕೂರುತ್ತದೆ.

ಇನ್ನು ಮನುಷ್ಯರು. ಇಲ್ಲಿ ಕೈ ನಡುಗುತ್ತದೆ. ಕಚೇರಿಯ ಕಾಗದಗಳಲ್ಲಿ ಸಬಾರ್ಡಿನೇಟ್ಸ್ ಎಂದಿದ್ದಕ್ಕೆ 'ಕೀಳು ನೌಕರರು' ಎಂದು ಬರೆದದ್ದನ್ನು ನಾನೇ ತಿದ್ದಿದ್ದೇನೆ. ಕೀಳು ಎನ್ನುವುದು ಬೈಗುಳ. ಸಬಾರ್ಡಿನೇಟ್ ಬೈಗುಳವಲ್ಲ, ಯಾರು ಯಾರ ಮಾತು ಕೇಳಬೇಕು ಎನ್ನುವ ವ್ಯವಸ್ಥೆ. 'ಕೈಕೆಳಗೆ ಕೆಲಸ ಮಾಡುವವರು' ಎನ್ನುವುದು ನಮ್ಮ ಸಹಜ ಮಾತು. ಅದರಲ್ಲೂ ಮೇಲೊಂದು ಕೈ ಇದೆ ನಿಜ. ಆದರೂ 'ಕೀಳು' ಎಷ್ಟೋ ಪಾಲು ಒರಟು. ಈಚೆಗೆ ಇಂಗ್ಲಿಷಿನ ಕಚೇರಿಗಳೂ ಈ ಪದ ಬಿಟ್ಟು 'ಡೈರೆಕ್ಟ್ ರಿಪೋರ್ಟ್' ಅನ್ನುತ್ತಿವೆ. ಅದನ್ನು 'ನೇರ ವರದಿ' ಎಂದು ಅನುವಾದ ಮಾಡಿದವರೂ ಇದ್ದಾರೆ. ಮನುಷ್ಯ ವರದಿಯಾಗಿಬಿಟ್ಟ!

ಜೂನಿಯರ್ ಬೇರೆ. ಅದರ ಲ್ಯಾಟಿನ್ ಅರ್ಥ 'ಇನ್ನೂ ಎಳೆಯ'. ನಿಮಗಿಂತ ತಡವಾಗಿ ಕೆಲಸಕ್ಕೆ ಸೇರಿದವರು ನಿಮಗೆ ಜೂನಿಯರ್ ಇರಬಹುದು, ಆದರೆ ಬೇರೆ ವಿಭಾಗದಲ್ಲಿದ್ದರೆ ನೀವು ಹೇಳಿದ್ದನ್ನು ಅವರು ಕೇಳಬೇಕಿಲ್ಲ. ಅವರೇ ನಾಳೆ ನಿಮ್ಮ ಮೇಲಧಿಕಾರಿ ಆಗಿ ಬಂದರೆ, ಆ ಜೂನಿಯರಿಗೆ ನೀವು ಸಬಾರ್ಡಿನೇಟ್. ಇನ್‌ಫೀರಿಯರ್ ಮಾತ್ರ ಜನರ ಬಗ್ಗೆ ಬಂದರೆ ಯೋಗ್ಯತೆಗೇ ಕೈ ಹಾಕುತ್ತದೆ. ಅದೂ ಎಲ್ಲ ಕಡೆ ಅಲ್ಲ. ವೈದ್ಯರು ಹೇಳುವ 'ಇನ್‌ಫೀರಿಯರ್ ವೀನಾ ಕೇವಾ' ದೇಹದ ಕೆಳಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳ, ಕಳಪೆ ರಕ್ತನಾಳ ಅಲ್ಲ. ಸಬಾಲ್ಟರ್ನ್ ಬ್ರಿಟಿಷ್ ಸೈನ್ಯದಲ್ಲಿ ಕ್ಯಾಪ್ಟನ್‌ಗಿಂತ ಕೆಳಗಿನ ಅಧಿಕಾರಿ. ಇಟಲಿಯ ಚಿಂತಕ ಆಂಟೋನಿಯೋ ಗ್ರಾಮ್ಶಿ ಅದಕ್ಕೆ ಬೇರೆ ಅರ್ಥ ಕೊಟ್ಟ ಮೇಲೆ, ಅಧಿಕಾರದಿಂದ ಹೊರಗುಳಿದ ಜನ ಎಂದು ವಿದ್ವಾಂಸರು ಬಳಸುತ್ತಾರೆ. ಅದು ಬೇರೆಯೇ ಅಂಕಣದ ವಿಷಯ.

ಇನ್‌ಸಬಾರ್ಡಿನೇಶನ್ ಎಂದರೆ ಎದುರು ಮಾತಾಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಉದ್ಯೋಗದ ಮಟ್ಟಿಗೆ ಅದರ ತಿರುಳು ಬೇರೆ: ಕೊಡಲು ಅಧಿಕಾರವಿದ್ದವರು ಕೊಟ್ಟ, ಕಾನೂನಿಗೆ ಒಪ್ಪುವ ಆದೇಶವನ್ನು ಬೇಕೆಂದೇ ಪಾಲಿಸದಿರುವುದು. ಎಲ್ಲ ಆದೇಶವನ್ನೂ ಪಾಲಿಸಲೇಬೇಕು ಅಂತಲ್ಲ. 1998ರ ರೋಮ್ ಶಾಸನದ, ಅಂದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದದ, 33ನೇ ವಿಧಿ ನೋಡಿ. ನರಮೇಧ ಮಾಡು ಎನ್ನುವ ಆದೇಶ ಕಣ್ಣಿಗೆ ಹೊಡೆಯುವಷ್ಟು ಕಾನೂನುಬಾಹಿರ, 'ಮೇಲಿನವರು ಹೇಳಿದರು' ಎಂದು ಅಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಅದೇ ಒಪ್ಪಂದದ 28ನೇ ವಿಧಿ ಭಾರವನ್ನು ಮೇಲಕ್ಕೂ ಹೊರಿಸುತ್ತದೆ. ಹಿಡಿತದಲ್ಲಿದ್ದ ಕೈಕೆಳಗಿನವರು ಅಪರಾಧ ಮಾಡುತ್ತಿದ್ದಾರೆ ಎಂದು ಗೊತ್ತಿದ್ದೂ ತಡೆಯದ ಮೇಲಧಿಕಾರಿ ತಾನೇ ಹೊಣೆಗಾರ. ಇಲ್ಲೂ ನನ್ನ ಎರಡು ಪ್ರಶ್ನೆಗಳೇ ಬರುತ್ತವೆ: ಯಾರ ಹಿಡಿತ, ಯಾವ ವಿಷಯದಲ್ಲಿ?

ಕಳೆದ ವರ್ಷ ಇನ್ನೊಂದು ಕರಾರು ಬಂತು. ಇಬ್ಬರು ಪಾಲುದಾರರು, ಎರಡು ಒಪ್ಪಂದ, ಅದಕ್ಕೊಂದು ತಿದ್ದುಪಡಿ. 'ಎರಡನೆಯ ಒಪ್ಪಂದ ಸಬಾರ್ಡಿನೇಟ್ ಆಗಿರತಕ್ಕದ್ದು' ಎಂದಿತ್ತು, ಅಲ್ಲಿಗೆ ಪೂರ್ಣವಿರಾಮ. 'ಟು' ಇರಲಿಲ್ಲ. ಯಾವುದಕ್ಕೆ ಸಬಾರ್ಡಿನೇಟ್ ಎಂದು ಎರಡೂ ಕಡೆಯ ವಕೀಲರಿಗೆ ಒಂದೇ ಮೇಲ್ ಹಾಕಿದೆ. ಒಬ್ಬರು ಮೊದಲ ಒಪ್ಪಂದಕ್ಕೆ ಅಂದರು. ಇನ್ನೊಬ್ಬರು ತಿದ್ದುಪಡಿಗೆ ಅಂದರು. ಇಬ್ಬರೂ 'ಇದರಲ್ಲಿ ಕೇಳೋದೇನಿದೆ' ಎಂಬ ಧಾಟಿಯಲ್ಲೇ ಬರೆದಿದ್ದರು. ಇಬ್ಬರ ಉತ್ತರವನ್ನೂ ಇಬ್ಬರಿಗೂ ಕಳಿಸಿದೆ. ಅನುವಾದ ಮೂರು ವಾರ ನಿಂತಿತು.